ಮೋಸ ಮಾಡಿದ ಭಾವನನ್ನು ಕ್ಷಮಿಸಲೇಬೇಕಾ? "ಎಲ್ಲ ದೇವರ ಉದ್ದೇಶ" ಅನ್ನುವವರಿಗೆ ಏನು ಹೇಳಲಿ?

ಬೈತಖೋಲ್ ಮನೆ:

ಇಗರ್ಜಿಯಲ್ಲಿ ಕೇಳಿದರೆ ನಾಳೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ಪರ್ಸೀನ್ ಬೋಟ್ (ದೊಡ್ಡ ಬಲೆ ಬೀಸಿ ಮೀನು ಹಿಡಿಯುವ ಬೋಟ್) ನಡೆಸುತ್ತಿದ್ದರು. ಬೋಟ್ ಭಾವನ ಹೆಸರಲ್ಲಿತ್ತು. ಕಡಲಿಗೆ ಹೋಗಿ ದುಡಿಯುತ್ತಿದ್ದದ್ದು ನನ್ನ ಗಂಡ. ಹೊಸ ಬಲೆ, ಎಂಜಿನ್ ಕೆಲಸ ಅಂತ ಹೇಳಿ ಭಾವ ದೊಡ್ಡ ಸಾಲ ತೆಗೆದರು, ಇವರು ಜಾಮೀನಿಗೆ ಸಹಿ ಹಾಕಿದರು. ಅಣ್ಣ ಕೇಳಿದ ಮೇಲೆ ಇಲ್ಲ ಅನ್ನಲು ಆಗುತ್ತದಾ? ಬಲೆಯೂ ಬರಲಿಲ್ಲ, ಎಂಜಿನ್ ಕೆಲಸವೂ ಆಗಲಿಲ್ಲ. ಒಂದು ಮಳೆಗಾಲ, ಬೋಟೆಲ್ಲ ದಡದಲ್ಲಿ ನಿಂತಿದ್ದಾಗ, ಭಾವ ಅದನ್ನು ಮಾರಿ ಸಂಸಾರದ ಜತೆ ಗೋವಾಕ್ಕೆ ಹೋದರು. ನೋಟಿಸ್ ಬಂದದ್ದು ನಮ್ಮ ಮನೆಗೆ. ನನ್ನ ಚಿನ್ನ ಹೋಯಿತು, ಮಗಳ ಓದಿಗೆ ಇಟ್ಟದ್ದೂ ಹೋಯಿತು. ಆಮೇಲೆ ಇವರಿಗೆ ಲಕ್ವ ಹೊಡೆಯಿತು. ಎಡಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ನಾನು ಬಟ್ಟೆ ಹೊಲಿದು ಸಾಲದ ಕಂತು ಕಟ್ಟುತ್ತಿದ್ದೇನೆ.

ಈಗ ಭಾವನಿಗೆ ಕಿಡ್ನಿ ತೊಂದರೆಯಂತೆ, ಡಯಾಲಿಸಿಸ್ ನಡೆಯುತ್ತಿದೆಯಂತೆ. ಆಗಸ್ಟ್ 15ರ ಮರಿಯ ಮಾತೆಯ ಹಬ್ಬಕ್ಕೆ ಬರುತ್ತೇನೆ, ಎಲ್ಲ ಮರೆತುಬಿಡಿ ಅಂತ ನಾದಿನಿಯ ಹತ್ತಿರ ಹೇಳಿ ಕಳಿಸಿದ್ದಾರೆ.

ಜಪಮಾಲೆಗೆ ಬರುವ ಹೆಂಗಸರು ಹೇಳುತ್ತಾರೆ, ಇದರಲ್ಲಿ ದೇವರ ಏನೋ ಉದ್ದೇಶ ಇದೆ ಅಂತ. ನೀನು ಕ್ಷಮಿಸದಿದ್ದರೆ ದೇವರೂ ನಿನ್ನನ್ನು ಕ್ಷಮಿಸುವುದಿಲ್ಲ ಅಂತಲೂ ಹೇಳುತ್ತಾರೆ. ಅದು ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯಲ್ಲೇ ಇದೆ, ದಿನಾ ಬಾಯಲ್ಲಿ ಹೇಳುವ ಮಾತೇ. ಆದರೆ ಆ ಸಾಲು ಬಂದಾಗ ನನ್ನ ಗಂಟಲು ಕಟ್ಟುತ್ತದೆ. ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತದೆ. ದೇವರೇ ಈ ಮೋಸ ಮಾಡಿಸಿದನಾ? ಕ್ಷಮಿಸಿದರೆ ಕಂತು ಯಾರು ಕಟ್ಟುತ್ತಾರೆ?

ಹೊನ್ನಾವರ ಮಾಸ್ತರ:

ತಂಗೀ, ದೇವರೇ ಮಾಡಿಸಿದನಾ ಅನ್ನುವ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇಲ್ಲ. ದೇವರು ನಿಮ್ಮ ಭಾವನ ಕೈ ಹಿಡಿದು ಮೋಸ ಮಾಡಿಸಲಿಲ್ಲ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಪ್ರೇರೇಪಿಸುವುದಿಲ್ಲ ಅಂತ ಯಾಕೋಬನ ಪತ್ರದ ಮೊದಲ ಅಧ್ಯಾಯದಲ್ಲೇ ಸ್ಪಷ್ಟವಾಗಿದೆ. ಮೋಸ ಮಾಡಿದ್ದು ಭಾವ. ಅದನ್ನು ದೇವರ ತಲೆಗೆ ಕಟ್ಟಿದರೆ ಭಾವನಿಗೂ ತಪ್ಪು ಒಪ್ಪಿಕೊಳ್ಳುವ ದಾರಿ ಮುಚ್ಚಿಹೋಗುತ್ತದೆ.

ಜಪಮಾಲೆಯ ಹೆಂಗಸರ ಮೇಲೆ ಸಿಟ್ಟು ಬೇಡ, ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ನೋಡಿ. ಮೂರು ಜನ ಬಂದರು. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜತೆ ಕೂತರು, ಒಂದು ಮಾತೂ ಆಡಲಿಲ್ಲ. ಅವರು ಮಾಡಿದ್ದರಲ್ಲಿ ತುಂಬಾ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದು ಕಾರಣ ಹುಡುಕಲು ಶುರು ಮಾಡಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು, ಅಷ್ಟು ಜಗಳವಾಡಿದ, ಅಷ್ಟು ಕೂಗಾಡಿದ ಯೋಬನ ಮೇಲೆ ಅಲ್ಲ. ದೇವರ ಪರವಾಗಿ ವಾದ ಮಾಡಿದ ಆ ಗೆಳೆಯರ ಮೇಲೆ. ಯೋಬನಿಗೆ ತನ್ನ ಕಷ್ಟದ ಕಾರಣ ಕೊನೆವರೆಗೂ ಯಾರೂ ಹೇಳುವುದಿಲ್ಲ, ದೇವರೂ ಹೇಳುವುದಿಲ್ಲ. ಇದನ್ನು ನಮ್ಮ ಪ್ರಸಂಗಗಳಲ್ಲಿ ಯಾಕೆ ಇಷ್ಟು ಕಡಿಮೆ ಹೇಳುತ್ತಾರೋ.

ಉದ್ದೇಶ ಇಲ್ಲ ಅಂತ ನಾನು ಹೇಳುವುದಿಲ್ಲ. ನಾನು ನಂಬುತ್ತೇನೆ. ಆದರೆ ಅದನ್ನು ಇನ್ನೊಬ್ಬರ ಗಾಯದ ಮೇಲೆ ಹೊರಗಿನಿಂದ ಬರೆಯುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಗೋಕರ್ಣ ದಾರಿ:

ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ತಪ್ಪು ತಿಳಿಯಬೇಡಿ. ನಮ್ಮ ಕಡೆ ಇಂಥದ್ದಕ್ಕೆ ಹಿಂದಿನ ಜನ್ಮದ ಕರ್ಮ ಅನ್ನುತ್ತಾರೆ. ನಿಮ್ಮಲ್ಲಿ ಕಷ್ಟ ಬಂದರೆ ಅದು ಪಾಪದ ಶಿಕ್ಷೆ ಅಂತ ಅಲ್ವಾ?

ಅಂಕೋಲಾ ಗಂಗಾವಳಿ:

ಕೇಳಿದ್ದು ಒಳ್ಳೆಯದಾಯಿತು ಅಣ್ಣ, ಕ್ರೈಸ್ತರಲ್ಲೇ ಎಷ್ಟೋ ಜನ ಹಾಗೆ ತಿಳಿದಿದ್ದಾರೆ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ಬರುತ್ತಾನೆ. ಯಾರು ಪಾಪ ಮಾಡಿದರು, ಇವನಾ ಇವನ ಅಪ್ಪ ಅಮ್ಮನಾ ಅಂತ ಶಿಷ್ಯರೇ ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾರೆ ಯೇಸು. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಆಮೇಲೆ ಮಣ್ಣಿನಲ್ಲಿ ಉಗುಳು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾರೆ. ಕಾರಣ ಹುಡುಕುವುದು ಬಿಟ್ಟು ಕೆಲಸ ಶುರು ಮಾಡಿದರು.

ಇನ್ನೊಂದು ಕಡೆ, ಲೂಕ 13ರಲ್ಲಿ, ಸಿಲೋವದ ಗೋಪುರ ಬಿದ್ದು 18 ಜನ ಸತ್ತ ವಿಷಯ ಇದೆ. ಅವರು ಯೆರೂಸಲೇಮಿನ ಬೇರೆಯವರಿಗಿಂತ ಜಾಸ್ತಿ ಪಾಪಿಗಳು ಅಂದುಕೊಂಡಿರಾ, ಇಲ್ಲ ಅಂತ ಯೇಸುವೇ ಹೇಳಿದರು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತಿದ್ದ ಗಾಡಿಗಳು ಎಲ್ಲ ಗಂಗಾವಳಿ ನದಿಗೆ ಹೋದವಲ್ಲ, ಆಗ ನಾನು ಈ ಭಾಗವನ್ನು ಮತ್ತೆ ಮತ್ತೆ ಓದಿದೆ. ಚಹಾ ಕುಡಿಯಲು ಗಾಡಿ ನಿಲ್ಲಿಸಿದವನು ಏನು ಪಾಪ ಮಾಡಿದ್ದ? ಅವನಿಗಿಂತ ಹತ್ತು ನಿಮಿಷ ಮೊದಲು ದಾಟಿ ಹೋದವನು ಪುಣ್ಯವಂತನಾ? ಹೆದ್ದಾರಿಗಾಗಿ ಕಡಿದಾಗಿ ಕತ್ತರಿಸಿದ ಗುಡ್ಡ, ಮೇಲಿಂದ ಬಿಡದೆ ಹೊಡೆದ ಮಳೆ. ಮನುಷ್ಯರು ಉತ್ತರ ಕೊಡಬೇಕಾದ ಪ್ರಶ್ನೆ ಅಲ್ಲಿತ್ತು. ಸತ್ತವರ ಪಾಪದಲ್ಲಿ ಅದನ್ನು ಹುಡುಕುವುದು ಅನ್ಯಾಯ.

ಯೇಸು ಅಷ್ಟಕ್ಕೇ ಬಿಡುವುದಿಲ್ಲ, ನೀವೂ ತಿರುಗಿಕೊಳ್ಳಿ ಅಂತ ಕೇಳುತ್ತಿದ್ದವರಿಗೆ ಹೇಳುತ್ತಾರೆ. ಅಂದರೆ ಬೇರೆಯವರ ಕಷ್ಟ ನೋಡಿದಾಗ ಪರೀಕ್ಷೆ ಮಾಡಬೇಕಾದ್ದು ನನ್ನ ಜೀವನವನ್ನು, ಅವರದ್ದನ್ನಲ್ಲ.

ಕುಮಟಾ ನರ್ಸ್:

ಅಕ್ಕ, ಪ್ರಾರ್ಥನೆಯಲ್ಲಿ ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತದೆ ಅಂದಿರಿ. ಹಾಗಾದರೆ ಸ್ವಲ್ಪ ದಿನ ಕೀರ್ತನೆ 88 ಓದಿ. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಬೈಬಲಿನಲ್ಲಿ ಇಟ್ಟಿದ್ದಾರೆ ಅಂದರೆ ಅಂಥ ಪ್ರಾರ್ಥನೆಯೂ ದೇವರಿಗೆ ಬೇಕು ಅಂತ ತಾನೇ ಅರ್ಥ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿ ಈ ಕಷ್ಟದ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ ಮತ್ತೆ ಮತ್ತೆ ಬೇಡಿದರು. ಶಿಲುಬೆಯ ಮೇಲೆ ಯಾಕೆ ಕೈಬಿಟ್ಟೆ ಅಂತ ಕೂಗಿದರು. ಅವರೇ ಕೇಳಿದ ಪ್ರಶ್ನೆಯನ್ನು ನೀವು ಕೇಳಿದರೆ ವಿಶ್ವಾಸ ಕಡಿಮೆ ಅಂತ ಹೇಳುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ನರ್ಸ್ ಆಗಿ ಒಂದು ಮಾತು. ಲಕ್ವ ಆದವರಿಗೆ ಬೇಗ ಅಳು ಬರುವುದು, ಮನಸ್ಸು ಕುಗ್ಗುವುದು ಸಾಮಾನ್ಯ. ಅದು ಕಾಯಿಲೆಯ ಭಾಗ, ವೈದ್ಯರಿಗೆ ಹೇಳಿದರೆ ಅದಕ್ಕೂ ಔಷಧ ಇದೆ. ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು. ಆ ಎಡಗೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರುತ್ತದೆ. ಮತ್ತೆ, ಭಾವ ಬರುವ ವಿಷಯ ಅವರಿಗೆ ಹೇಳಿದ್ದೀರಾ? ಮೋಸ ಹೋದವರು ಅವರೂ ಅಲ್ವಾ. ಅವರ ಪಾಲಿನ ಮಾತನ್ನು ಅವರೇ ಹೇಳಲಿ.

ಬೈತಖೋಲ್ ಮನೆ:

ಹೇಳಿದೆ. ಅದೇ ನನಗೆ ಜಾಸ್ತಿ ನೋವು. ಇವರು ಒಂದೇ ಮಾತು ಹೇಳಿದರು, ಬರಲಿ ಅಂತ. ನಾಲಿಗೆ ಇನ್ನೂ ಪೂರ್ತಿ ತಿರುಗುವುದಿಲ್ಲ, ಆದರೆ ಅದನ್ನು ಸ್ಪಷ್ಟವಾಗಿ ಹೇಳಿದರು. ನಾನು ರಾತ್ರಿ ಹಗಲು ಹೊಲಿಗೆ ಮಷಿನ್ ತುಳಿಯುತ್ತಿದ್ದೇನೆ, ಇವರು ಒಂದು ಮಾತಲ್ಲಿ ಕ್ಷಮಿಸಿಬಿಟ್ಟರು. ಇವರು ಕ್ಷಮಿಸಿದರೆ ನಾನೂ ಕ್ಷಮಿಸಿದ ಹಾಗೆಯಾ? ಹೆಂಡತಿ ಅಂತ ನನ್ನದು ಬೇರೆ ಲೆಕ್ಕ ಇಲ್ಲವಾ?

ಹಳಿಯಾಳ ಕಾಡಂಚು:

ನಿಮ್ಮದು ಬೇರೆ ಲೆಕ್ಕ ಇದೆ. ಇದನ್ನು ಜೋರಾಗಿಯೇ ಹೇಳುತ್ತೇನೆ.

ನಾನು ಸಿದ್ದಿ, ಕಥೋಲಿಕ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರೂ ಇದ್ದರು. ಗೋವಾದಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದವರ ಮಕ್ಕಳು ನಾವು. ತಂದವರ ಕೊರಳಲ್ಲೂ ಶಿಲುಬೆ ಇತ್ತು, ನಮ್ಮ ಮನೆಯಲ್ಲೂ ಶಿಲುಬೆ ಇದೆ. ಕ್ಷಮೆ ಅನ್ನುವುದು ನಮಗೆ ಪುಸ್ತಕದ ಮಾತಲ್ಲ. ನಾನು ಬೆಳೆಯುತ್ತಾ ನೋಡಿದ್ದು ಏನೆಂದರೆ, ಕ್ಷಮಿಸಿ ಅಂತ ಉಪದೇಶ ಬರುವುದು ಯಾವಾಗಲೂ ಕೆಳಗಿರುವವರಿಗೆ. ಕೂಲಿ ಸರಿಯಾಗಿ ಕೊಡದ ಜಮೀನುದಾರನಿಗೆ ಯಾರೂ ಹೋಗಿ, ಹಿಂದೆ ಕೊಡು, ತಪ್ಪಾಯಿತು ಅನ್ನು ಅಂತ ಹೇಳುವುದಿಲ್ಲ. ಕೂಲಿ ಸಿಗದವನಿಗೆ ಮಾತ್ರ ಹೇಳುತ್ತಾರೆ, ಮನಸ್ಸಲ್ಲಿ ಇಟ್ಟುಕೊಳ್ಳಬೇಡ ಅಂತ.

ನಮ್ಮ ಹಿರಿಯರು ದ್ವೇಷ ಇಟ್ಟುಕೊಳ್ಳಲಿಲ್ಲ, ಹೌದು. ಆದರೆ ಹಕ್ಕು ಕೇಳುವುದನ್ನೂ ಬಿಡಲಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಸಿಟ್ಟು ಬಿಡುವುದು ಬೇರೆ, ಹಕ್ಕು ಬಿಡುವುದು ಬೇರೆ. ಅಕ್ಕ, ನಿಮ್ಮ ಭಾವ ಏನು ಹೇಳಿ ಕಳಿಸಿದ್ದಾರೆ ನೋಡಿ. ಎಲ್ಲ ಮರೆತುಬಿಡಿ ಅಂತೆ. ನಾನು ಮಾಡಿದ್ದು ತಪ್ಪು ಅನ್ನುವ ಒಂದು ಮಾತು ಅದರಲ್ಲಿ ಎಲ್ಲಿದೆ? ಯೇಸು ತಾವಾಗಿಯೇ ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಬಂದಾಗ ಅವನು ಎಲ್ಲ ಮರೆತುಬಿಡಿ ಅನ್ನಲಿಲ್ಲ. ಯಾರಿಂದ ಮೋಸದಿಂದ ತಗೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಅಂತ ಎದ್ದು ನಿಂತು ಹೇಳಿದ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ.

ಹೊನ್ನಾವರ ಮಾಸ್ತರ:

ಹಳಿಯಾಳದವರು ಹೇಳಿದ್ದು ಖಾರವಾಗಿದೆ, ಆದರೆ ಸುವಾರ್ತೆಯ ಮಾತೇ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಅವನು ಬಂದು ಕಾಲಿಗೆ ಬಿದ್ದ ಮೇಲೆಯೇ ನನ್ನ ಮನಸ್ಸು ಬಿಡುಗಡೆ ಅಂತ ಕೂತರೆ, ನಮ್ಮ ಬಿಡುಗಡೆಯ ಕೀಲಿಕೈ ಅವನ ಜೇಬಿನಲ್ಲಿ ಇಟ್ಟ ಹಾಗೆ. ಅವನು ಬರದೇ ಸತ್ತರೆ? ಇವರನ್ನು ಕ್ಷಮಿಸು ತಂದೆಯೇ ಅಂತ ಯೇಸು ಬೇಡಿದ್ದು ಮೊಳೆ ಹೊಡೆಯುತ್ತಿದ್ದವರು ತಪ್ಪಾಯಿತು ಅನ್ನುವ ಮೊದಲೇ.

ಶಿರಸಿ ಅಂಗಳ:

ಎಲ್ಲರೂ ಬರೆದದ್ದು ಓದಿದೆ. ನನ್ನದು ಸ್ವಲ್ಪ ಉದ್ದ ಆಗಬಹುದು, ತಾಳ್ಮೆ ಇರಲಿ. ನಮ್ಮ ಸಭೆಯಲ್ಲಿ ಹೆಂಗಸರ ಬೈಬಲ್ ಅಧ್ಯಯನ ನಡೆಸುತ್ತೇನೆ. ಅಣ್ಣ ತಮ್ಮಂದಿರ ಮೋಸದ ಮಾತು ಬಂದರೆ ಆದಿಕಾಂಡದ ಯೋಸೇಫನ ಕಥೆಗೆ ಹೋಗಲೇಬೇಕು. ಆದರೆ ನಾವು ಅದನ್ನು ಬೇಗ ಬೇಗ ಓದಿ ಮುಗಿಸುತ್ತೇವೆ. ಅಣ್ಣಂದಿರು ಮಾರಿದರು, ಅವನು ಮಂತ್ರಿಯಾದ, ಕ್ಷಮಿಸಿದ, ನೀವೂ ಕ್ಷಮಿಸಿ. ಕಥೆ ಹಾಗಿಲ್ಲ.

ಹದಿನೇಳನೇ ವಯಸ್ಸಿನಲ್ಲಿ 20 ಬೆಳ್ಳಿ ನಾಣ್ಯಕ್ಕೆ ಅವನನ್ನು ಮಾರಿದರು. ಮಾರೋಣ ಅಂತ ಸಲಹೆ ಕೊಟ್ಟವನು ಯೆಹೂದ. ಈ ಹೆಸರು ನೆನಪಿಡಿ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಗುಲಾಮ, ಆಮೇಲೆ ಸುಳ್ಳು ಆರೋಪ, ಜೈಲು. ಜೈಲಿನಲ್ಲಿ ಉಪಕಾರ ಮಾಡಿಸಿಕೊಂಡ ಪಾನದಾಯಕ, ರಾಜನಿಗೆ ದ್ರಾಕ್ಷಾರಸ ಕೊಡುವವನು, ಹೊರಗೆ ಹೋಗಿ ಪೂರ್ತಿ ಎರಡು ವರ್ಷ ಮರೆತ. ಈ ಯಾವ ಕಡೆಯೂ ಯಾರೂ ಅವನಿಗೆ ಇದು ದೇವರ ಯೋಜನೆ ಅಂತ ಹೇಳುವುದಿಲ್ಲ. ಅವನೂ ಹೇಳಿಕೊಳ್ಳುವುದಿಲ್ಲ. ಕರ್ತನು ಅವನ ಸಂಗಡ ಇದ್ದನು ಅಂತ ಮಾತ್ರ ಬರೆದಿದೆ. ಜೈಲಿನಲ್ಲಿದ್ದಾಗ ಅವನ ಪಾಲಿಗೆ ಅಷ್ಟೇ ಇತ್ತು, ಅಷ್ಟೇ ಸಾಕಾಯಿತು. ಅಕ್ಕ, ಈಗ ನಿಮಗೆ ಉದ್ದೇಶ ಕಾಣದಿದ್ದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಮೂವತ್ತನೇ ವಯಸ್ಸಿಗೆ ಅಲ್ಲಿನ ರಾಜ ಫರೋಹನ ಮುಂದೆ ನಿಂತ. ಏಳು ಸುಭಿಕ್ಷದ ವರ್ಷ ಕಳೆದು ಬರಗಾಲದ ಎರಡನೇ ವರ್ಷಕ್ಕೆ, ಧಾನ್ಯ ಕೊಳ್ಳಲು ಬಂದ ಅಣ್ಣಂದಿರ ಮುಂದೆ ಗುರುತು ಬಿಚ್ಚಿಟ್ಟ. ಅಂದರೆ ಮಾರಿ ಸುಮಾರು 22 ವರ್ಷ. ಬಂದ ತಕ್ಷಣ ಅಪ್ಪಿಕೊಂಡನಾ? ಇಲ್ಲ. ಗೂಢಚಾರರು ಅಂತ ಗದರಿಸಿದ. ಮೂರು ದಿನ ಕಾವಲಲ್ಲಿ ಇಟ್ಟ. ಒಬ್ಬನನ್ನು ಒತ್ತೆ ಇಟ್ಟುಕೊಂಡ. ಎರಡನೇ ಸಲ ಬಂದಾಗ ತಮ್ಮ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ ಇಡಿಸಿ ಕಳ್ಳತನ ಹೊರಿಸಿದ. ನಮ್ಮಲ್ಲಿ ಕೆಲವರು ಇದನ್ನು ಸೇಡು ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಸೇಡು ತೀರಿಸುವವನು ಹೀಗೆ ಮರೆಗೆ ಹೋಗಿ ಅಳುತ್ತಾನಾ? ಅವನು ನೋಡುತ್ತಿದ್ದದ್ದು ಒಂದನ್ನೇ. ಅಪ್ಪನ ಮುದ್ದಿನ ಇನ್ನೊಬ್ಬ ಮಗ ಸಿಕ್ಕಿಹಾಕಿಕೊಂಡರೆ ಇವರು ಈ ಸಲವೂ ಬಿಟ್ಟು ಓಡುತ್ತಾರಾ? ಆಗ ಮುಂದೆ ಬಂದವನು ಅದೇ ಯೆಹೂದ. ಹುಡುಗನನ್ನು ಬಿಡಿ, ಅವನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಅಂದ. ತಮ್ಮನನ್ನು ಮಾರಿದವನೇ ತಮ್ಮನಿಗಾಗಿ ತನ್ನನ್ನು ಕೊಡಲು ನಿಂತ. ಅದಾದ ಮೇಲೆ ಯೋಸೇಫನಿಗೆ ತಡೆದುಕೊಳ್ಳಲು ಆಗಲಿಲ್ಲ.

ಅವನು ಮನಸ್ಸಲ್ಲಿ ಯಾವತ್ತು ಕ್ಷಮಿಸಿದ ಅಂತ ಬರೆದಿಲ್ಲ, ಬಹುಶಃ ಬಹಳ ಹಿಂದೆಯೇ. ಆದರೆ ಬಾಗಿಲು ತೆರೆದದ್ದು ಅಣ್ಣಂದಿರು ಬದಲಾಗಿದ್ದಾರೆ ಅಂತ ಕಣ್ಣಾರೆ ನೋಡಿದ ಮೇಲೆ. ಕ್ಷಮೆಯನ್ನು ನಾವು ಒಬ್ಬರೇ ಕೂತು ಕೊಡಬಹುದು. ನಂಬಿಕೆ ಹಾಗಲ್ಲ, ಅದನ್ನು ಅವರು ಗಳಿಸಬೇಕು.

ಆಗ ಅವನು ಹೇಳುತ್ತಾನೆ, ನೀವು ಮಾರಿದಿರಿ, ಆದರೆ ಜೀವ ಉಳಿಸಲು ದೇವರು ನನ್ನನ್ನು ಮುಂದಾಗಿ ಕಳಿಸಿದನು ಅಂತ. ಎರಡೂ ಒಂದೇ ಉಸಿರಿನಲ್ಲಿ. ನೀವು ಮಾರಿದಿರಿ ಅನ್ನುವುದನ್ನು ಅವನು ಮುಚ್ಚಿಡುವುದಿಲ್ಲ. ಅದನ್ನು ಹೇಳಿದವನು ಪೆಟ್ಟು ತಿಂದವನೇ. ಅಣ್ಣಂದಿರು ಬಂದು, ನಾವು ಮಾರಿದ್ದರಿಂದ ತಾನೇ ನೀನು ಮಂತ್ರಿಯಾದೆ, ದೇವರ ಉದ್ದೇಶ ನೋಡು ಅಂದಿದ್ದರೆ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತಿತ್ತು ಯೋಚಿಸಿ.

ನನಗೆ ತುಂಬಾ ತಟ್ಟುವುದು ಕೊನೆಯ ಭಾಗ. ಅವರ ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡ. ಅಷ್ಟು ವರ್ಷ ಅಣ್ಣಂದಿರು ಯೋಸೇಫನ ಅನ್ನ ತಿಂದು ಬದುಕಿದರು. ಅಪ್ಪ ಹೋದ ತಕ್ಷಣ ಹೆದರಿ, ಈಗ ಇವನು ಸೇಡು ತೀರಿಸಿಕೊಳ್ಳುತ್ತಾನೆ ಅಂದುಕೊಂಡು, ಕ್ಷಮಿಸು ಅಂತ ಹೇಳಿ ಕಳಿಸುತ್ತಾರೆ. ಕ್ಷಮೆ ಕೊಟ್ಟು 17 ವರ್ಷ ಆಗಿತ್ತು, ಅವರು ಅದನ್ನು ತಗೊಂಡೇ ಇರಲಿಲ್ಲ. ಯೋಸೇಫ ಮತ್ತೆ ಅತ್ತ. ಒಂದೇ ಮನೆಯವರು, ಒಂದೇ ಘಟನೆ, ಆದರೂ ಪ್ರತಿಯೊಬ್ಬರ ಗಡಿಯಾರ ಬೇರೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಯಜಮಾನರು ಬರಲಿ ಅಂದದ್ದು ಅವರ ಕ್ಷಮೆ. ಅದನ್ನು ಸಣ್ಣದು ಮಾಡಬೇಡಿ, ಸ್ವಂತ ಅಣ್ಣ, ಚಿಕ್ಕಂದಿನಿಂದ ಒಂದೇ ದೋಣಿಯಲ್ಲಿ ಹೋದವರು, ಅವರಿಗೆ ಅದು ಸುಲಭ ಇದ್ದಿರಲಿಕ್ಕಿಲ್ಲ. ಆದರೆ ನಿಮ್ಮದನ್ನು ಅವರು ಕೊಡಲು ಬರುವುದಿಲ್ಲ. ನಿಮ್ಮದು ಇನ್ನೂ ದಾರಿಯಲ್ಲಿದೆ.

ಕುಮಟಾ ನರ್ಸ್:

ಶಿರಸಿ ಅಕ್ಕ, 17 ವರ್ಷದ ವಿಷಯ ನಾನು ಯಾವತ್ತೂ ಗಮನಿಸಿರಲಿಲ್ಲ. ಇವತ್ತೇ ಮತ್ತೆ ಓದುತ್ತೇನೆ.

ಹೊನ್ನಾವರ ಮಾಸ್ತರ:

ಉದ್ದೇಶವನ್ನು ಪೆಟ್ಟು ತಿಂದವರೇ ಹೇಳಬೇಕು ಅಂದದ್ದು ಸರಿ. ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬರನ್ನು ಇಲ್ಲಿ ನೆನೆಯುತ್ತೇನೆ. ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿಗಳು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದರು. ಪುರಾಣ ಹೇಳುತ್ತಾ ಊರೂರು ತಿರುಗುತ್ತಿದ್ದ ಕುಟುಂಬ ಬರಗಾಲಕ್ಕೆ ಸಿಕ್ಕಿತು. ಅಪ್ಪ, ಅಮ್ಮ, ಅಕ್ಕ ಸ್ವಲ್ಪ ಸ್ವಲ್ಪ ಸಮಯದ ಅಂತರದಲ್ಲೇ ಹೋದರು. ಆಮೇಲೆ ಅಣ್ಣ. 1882ರಲ್ಲಿ ಗಂಡ ಕಾಲರಾದಿಂದ ತೀರಿಕೊಂಡಾಗ ಕೈಯಲ್ಲಿ ಎಳೆಯ ಮಗಳು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಮತ್ತೆ ಬರಗಾಲ ಬಂದಾಗ ಆಕೆ ಸುಮ್ಮನೆ ಕೂರಲಿಲ್ಲ. ಅಲ್ಲಿಗೆ ಹೋಗಿ ಹಸಿದ ಹುಡುಗಿಯರನ್ನು, ಎಳೆ ವಿಧವೆಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆದದ್ದು ಹಾಗೆ. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡವಳಿಗೆ ಆ ಹುಡುಗಿಯರ ಮುಖ ಓದಲು ಯಾರೂ ಕಲಿಸಬೇಕಾಗಿರಲಿಲ್ಲ. ಅಪ್ಪ ಅಮ್ಮ ಸತ್ತದ್ದು ಇದಕ್ಕಾಗಿಯೇ ಅಂತ ನಾನು ಹೇಳಲಾರೆ, ಹೇಳಬಾರದು. ಆದರೆ ಆ ದುಃಖ ಹಾಳಾಗಿ ಹೋಗಲು ದೇವರು ಬಿಡಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 8:28ನ್ನು ನಾನು ಹೀಗೇ ಓದುತ್ತೇನೆ. ಎಲ್ಲವೂ ಒಳ್ಳೆಯದು ಅಂತ ಅಲ್ಲಿ ಇಲ್ಲ. ಎಲ್ಲದರ ನಡುವೆಯೂ ದೇವರು ಒಳ್ಳೆಯದಕ್ಕಾಗಿ ಕೆಲಸ ಮಾಡುತ್ತಾನೆ ಅಂತ ಇದೆ.

ಕಾರವಾರ ಪೇಟೆ:

ನಾನು ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಂತು ಯಾರು ಕಟ್ಟುತ್ತಾರೆ ಅನ್ನುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅದು ಕೂಡ ವಿಶ್ವಾಸದ ಪ್ರಶ್ನೆಯೇ.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅದಕ್ಕೇ ನೋಟಿಸ್ ನಿಮ್ಮ ಮನೆಗೆ ಬಂತು. ಆದರೆ ಜನರಿಗೆ ಗೊತ್ತಿಲ್ಲದ್ದು ಮುಂದಿನದ್ದು. 140 ಮತ್ತು 145ನೇ ಕಲಂ ಪ್ರಕಾರ ಜಾಮೀನುದಾರ ನ್ಯಾಯವಾಗಿ ಕಟ್ಟಿದ ದುಡ್ಡನ್ನು ಮೂಲ ಸಾಲಗಾರನಿಂದ ವಸೂಲು ಮಾಡಬಹುದು. ಕಟ್ಟಿದ ದಿನದಿಂದ ಮೂರು ವರ್ಷದ ಕಾಲಮಿತಿ ಇದೆ, ಅದಕ್ಕೆ ತಡ ಮಾಡಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಕಾರವಾರದಲ್ಲೇ ಜಿಲ್ಲಾ ನ್ಯಾಯಾಲಯ ಇದೆ, ಅಲ್ಲಿ ವಿಚಾರಿಸಿ. ಕೋರ್ಟಿಗೆ ಹೋಗದೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಕಂತು ಮಾಡಿಕೊಳ್ಳುವ ದಾರಿಯೂ ಇದೆ. ಡಯಾಲಿಸಿಸ್ ಮೇಲಿರುವ ಮನುಷ್ಯನ ಹತ್ತಿರ ಪೂರ್ತಿ ಸಿಗಲಿಕ್ಕಿಲ್ಲ. ಸಿಗುವಷ್ಟು ಬರಹದಲ್ಲಿ ಆಗಲಿ.

ಇದನ್ನು ಮಾಡಿದರೆ ಕ್ಷಮೆ ಸುಳ್ಳಾಗುತ್ತದೆ ಅಂತ ಯಾರಾದರೂ ಅಂದರೆ ಮತ್ತಾಯ 18 ತೋರಿಸಿ. ಎಪ್ಪತ್ತು ಏಳು ಸಲ ಕ್ಷಮಿಸು ಅನ್ನುವ ಮಾತಿರುವುದು ಅದೇ ಅಧ್ಯಾಯದಲ್ಲಿ. ಅದಕ್ಕೆ ಸ್ವಲ್ಪ ಮೇಲೆ, ಸಹೋದರ ತಪ್ಪು ಮಾಡಿದರೆ ಹೋಗಿ ಅವನಿಗೇ ಹೇಳು, ಕೇಳದಿದ್ದರೆ ಒಂದಿಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಅಂತ ಇದೆ. ಕೆಳಗೆ ಸಾಲದ ಸಾಮ್ಯ ಬರುತ್ತದೆ. ಒಬ್ಬ ಸೇವಕನಿಗೆ ಒಡೆಯ ತೀರಿಸಲಾಗದ ಹತ್ತು ಸಾವಿರ ತಲಾಂತು ಸಾಲ ಬಿಟ್ಟ, ಅವನು ಮಾತ್ರ ನೂರು ದಿನಾರಿ ಸಾಲಕ್ಕೆ ಜತೆಯವನ ಕುತ್ತಿಗೆ ಹಿಡಿದ. ದಿನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ ಏನು ಸಣ್ಣದಾ? ಯೇಸು ಅದನ್ನು ಸಣ್ಣದು ಅನ್ನಲಿಲ್ಲ. ನಿಮಗೆ ಬರಬೇಕಾದ್ದು ನಿಜವಾದ ಸಾಲ. ತಪ್ಪಾದದ್ದು ಕುತ್ತಿಗೆ ಹಿಡಿದದ್ದು, ಕಾಲ ಕೊಡು ಅಂತ ಬೇಡಿದವನನ್ನು ಜೈಲಿಗೆ ಹಾಕಿಸಿದ್ದು.

ಅಂಕೋಲಾ ಗಂಗಾವಳಿ:

ಕ್ಷಮೆ ಮತ್ತು ಕಾನೂನು ಒಟ್ಟಿಗೆ ಹೋಗಬಹುದು ಅನ್ನುವುದಕ್ಕೆ ಗ್ಲಾಡಿಸ್ ಸ್ಟೇನ್ಸ್ ಇದ್ದಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಗಾಡಿಯಲ್ಲಿ ಮಲಗಿದ್ದಾಗ ಸುಟ್ಟರು. ಮಕ್ಕಳಿಗೆ 10 ಮತ್ತು 6 ವರ್ಷ. ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಆಕೆ ಹೇಳಿದರು. ಕೇಸು ಮಾತ್ರ ನಿಲ್ಲಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ 2011ರಲ್ಲಿ ಖಾಯಂ ಆಯಿತು. ಆಕೆ ಮಗಳ ಜತೆ ಬಾರಿಪದದಲ್ಲೇ ಉಳಿದು ಇನ್ನೂ ಕೆಲವು ವರ್ಷ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ದ್ವೇಷ ಬಿಡುವುದು ಆಕೆಯದು.

ಬೈತಖೋಲ್ ಮನೆ:

ಎಲ್ಲರ ಮಾತು ಇವರಿಗೂ ಓದಿ ಹೇಳಿದೆ. ಯೆಹೂದನ ಭಾಗ ಬಂದಾಗ ಇವರು ಅತ್ತರು. ನಾನೂ ಅತ್ತೆ. ಬೇರೆ ಬೇರೆ ಕಾರಣಕ್ಕೆ ಇರಬಹುದು.

ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಭಾವ ಬರಲಿ, ಇವರ ಅಣ್ಣ, ಇವರು ನೋಡಬೇಕು ಅಂದರೆ ತಡೆಯುವುದಿಲ್ಲ. ಆದರೆ ಹಬ್ಬದ ದಿನ ಊಟದ ಗದ್ದಲದಲ್ಲಿ ಬೇಡ. ಬೇರೆ ದಿನ, ಪಾದ್ರಿಯವರ ಎದುರು, ಇಬ್ಬರು ಹಿರಿಯರು ಇರುವಾಗ. ಅಲ್ಲಿ ನಾನು ಸುಮ್ಮನೆ ಕೂರುವುದಿಲ್ಲ. ನೀವು ಮಾಡಿದ್ದು ಇದು, ನಮಗೆ ಆದದ್ದು ಇದು ಅಂತ ಅವರ ಮುಖಕ್ಕೇ ಹೇಳುತ್ತೇನೆ. ಮರೆತುಬಿಡಿ ಅನ್ನುವುದಕ್ಕೆ ಒಪ್ಪುವುದಿಲ್ಲ. ಮಗಳ ಕಾಲೇಜು ಫೀಸು ಅವರೇ ಕಟ್ಟಲಿ ಅಂತ ಬರೆಸಿಕೊಳ್ಳುವ ಆಸೆ ಇದೆ, ಉಳಿದದ್ದು ವಕೀಲರು ಹೇಳಿದ ಹಾಗೆ.

ಕ್ಷಮಿಸಿದ್ದೇನಾ ಅಂದರೆ, ಇನ್ನೂ ಇಲ್ಲ. ಅವರು ಸಾಯಲಿ ಅಂತ ಮೊದಲು ಅನಿಸುತ್ತಿತ್ತು, ಅದನ್ನು ಬಿಡಲು ದೇವರ ಸಹಾಯ ಕೇಳುತ್ತಿದ್ದೇನೆ. ಪರಲೋಕ ಪ್ರಾರ್ಥನೆಯ ಆ ಸಾಲು ಬಂದಾಗ, ಸ್ವಾಮೀ, ಇದು ಇನ್ನೂ ನನ್ನಿಂದ ಆಗಿಲ್ಲ, ಆಗುವ ಹಾಗೆ ಮಾಡು ಅಂತ ಸೇರಿಸಿ ಹೇಳುತ್ತಿದ್ದೇನೆ. ಇದು ಸರಿಯಾ ಮಾಸ್ತರೇ?

ಹೊನ್ನಾವರ ಮಾಸ್ತರ:

ತುಂಬಾ ಸರಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಬ್ಬ ತಂದೆ ಕೂಗಿದಾಗ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಅವನ ಮಗನನ್ನು ಗುಣ ಮಾಡಿದರು. ಮಾರ್ಕ 9ರಲ್ಲಿದೆ.

ಹಳಿಯಾಳ ಕಾಡಂಚು:

ಪಾದ್ರಿಯವರ ಎದುರು ಮಾತಾಡುವ ದಿನ ನಿಮ್ಮ ಕಡೆಯಿಂದ ಒಬ್ಬ ಹೆಂಗಸಾದರೂ ಜತೆಗಿರಲಿ ಅಕ್ಕ. ಹಿರಿಯರು ಅಂದರೆ ಗಂಡಸರೇ ಆಗಿಬಿಡುತ್ತಾರೆ, ಆಮೇಲೆ ಮಾತು ಬೇಗ ರಾಜಿಗೆ ಹೋಗುತ್ತದೆ.

ಬೈತಖೋಲ್ ಮನೆ:

ನಾದಿನಿಗೆ ಕೇಳುತ್ತೇನೆ. ಅವಳಿಗೂ ಅಣ್ಣನ ಮೇಲೆ ಹೇಳುವುದು ಇದೆ.

ಕಾರವಾರ ಪೇಟೆ:

ವಕೀಲರ ಹತ್ತಿರ ಹೋಗುವಾಗ ಜಾಮೀನು ಪತ್ರದ ನಕಲು, ಬಂದ ನೋಟಿಸು, ಇವತ್ತಿನವರೆಗೆ ಕಟ್ಟಿದ ಎಲ್ಲ ರಸೀದಿ ತಗೊಂಡು ಹೋಗಿ. ರಸೀದಿ ಕಳೆದಿದ್ದರೆ ಸಾಲದ ಖಾತೆಯ ಉತಾರ ಕೇಳಿ, ಕೊಡುತ್ತಾರೆ. ಯಜಮಾನರಿಗೆ ಸಹಿ ಹಾಕಲು ಬಲಗೈ ಆಗುತ್ತದೆ ತಾನೇ? ವಕಾಲತ್ತಿಗೆ ಅವರ ಸಹಿ ಬೇಕು.